ಅಕ್ಕ ಕಾಸಿದ ಕಷಾಯ

ಚಳ್ಳಕೆರೆ, ಮಂಗಳವಾರ, ೧೮ ನವೆಂಬರ್ ೨೦೨೫

ಅಕ್ಕ ಮುನಿಸಿಕೊಂಡು ಸಂಜೆಯ ಬಸ್ಸಿಗೇ ಪರಶುರಾಂಪುರಕ್ಕೆ ಹೋದಳು. ಊಟವನ್ನೂ ಮಾಡಲಿಲ್ಲ. ನನ್ನ ಮಗಳು ಶಿಲ್ಪಳಿಗೆಂದು ಅವಳು ಕಾಸಿದ ಅಮೃತಬಳ್ಳಿ ಕಷಾಯವನ್ನು ನಾನು ಬಚ್ಚಲಿಗೆ ಸುರಿದುಬಿಟ್ಟೆ.

“ಏನೋ ತಮ್ಮಾ, ತಲೆ ನೆಟ್ಟಗೈತಾ? ಹುಡುಗಿ ಹೆಂಗೆ ಸೊರಗೈತೆ ನೋಡು. ಮೈಗೆ ಶಕ್ತಿ ಬರ್ಲಿ ಅಂತ ಬಂದಾಗಿಂದ ಕುಡಿಸ್ತಿದ್ದೀನಿ!”

ಅವಳು ಬಂದು ವಾರವಾಗಿತ್ತು; ಕಷಾಯದ ಸಂಗತಿ ನನಗೆ ತಿಳಿದದ್ದು ಇವತ್ತೇ. ಆ ವಾರವೇ ಈಗ ನನ್ನನ್ನು ಮಲಗಲು ಬಿಡುತ್ತಿಲ್ಲ.

‘ವೈಟ್ ಸೆಲ್ಸ್ ಆರ್ ದಿ ಸೋಲ್ಜರ್ಸ್ ಆಫ್ ದಿ ಬಾಡಿ’ ಎಂದು ಪಿಯುಸಿಯಲ್ಲಿ ಉರು ಹೊಡೆದಿದ್ದೆ; ಬಿಳಿ ರಕ್ತಕಣಗಳು ಮೈ ಕಾಯುವ ಸೈನಿಕರಂತೆ. ಮುಂದಿನ ಸಾಲು ಮರೆತಿದೆ. ಶಿಲ್ಪಳ ಒಳಗಿರುವ ಕಿಡ್ನಿ ಅವಳ ಅವ್ವ ಕೊಟ್ಟದ್ದು. ನನ್ನ ಹೆಂಡತಿ ಮಂಗಳಗೌರಿ ತೀರಿಹೋಗಿ ಎರಡು ವರ್ಷ. ಅವಳದೆಂದು ಜೀವಂತ ಉಳಿದಿರುವುದು ಅದೊಂದೇ. ಆದರೆ ಮಗಳ ರಕ್ತದ ಸೈನಿಕರಿಗೆ ಅದು ಅವ್ವನದೆಂದು ಗೊತ್ತಿಲ್ಲ. ಯಾರೋ ಹೊರಗಿನವರು ನುಗ್ಗಿದ್ದಾರೆಂದು ಮೇಲೆ ಬೀಳುತ್ತಾರೆ. ಡಾಕ್ಟರು ಮಾತ್ರೆ ಕೊಟ್ಟು ಅವರನ್ನು ಮಂಕು ಮಾಡಿಟ್ಟಿದ್ದಾರೆ. ಕಷಾಯ ಅವರನ್ನು ಎಬ್ಬಿಸಿಬಿಟ್ಟಿದ್ದರೆ?

ಮಗಳಿಗೆ ಆ ಶಕ್ತಿ ಬಾರದಿರಲಿ ಎಂದು ಬೇಡಿಕೊಳ್ಳುವ ಅಪ್ಪ ನಾನು. ಇದನ್ನು ಅಕ್ಕನಿಗೆ ಹೇಗೆ ಹೇಳಲಿ?

“ನಾಳೆ ಟೆಸ್ಟಿಗೆ ರಕ್ತ ಕೊಟ್ರೆ ಗೊತ್ತಾಗ್ತೈತೆ, ಮಲ್ಕೋ ಅಪ್ಪಾ. ಅವ್ವ ಅಷ್ಟು ಸುಲಭಕ್ಕೆ ಸೋಲೋಳಲ್ಲ” ಎಂದು ಶಿಲ್ಪ ನಕ್ಕಳು.

ಈಗಷ್ಟೇ ಒಳಕೋಣೆಯಲ್ಲಿ ಸೀನಿದಳು. ಮಂಕಾದ ಸೈನಿಕರು ನೆಗಡಿಯನ್ನೂ ತಡೆಯಲಾರರೆಂದು ದಿನವೂ ಆ ಸದ್ದಿಗೆ ಹೆದರುತ್ತಿದ್ದೆ. ಇವತ್ತು ಮಾತ್ರ, ಅವರಿನ್ನೂ ಎದ್ದಿಲ್ಲ ಎನ್ನಿಸಿ ಉಸಿರು ಬಂತು. ಇನ್ನೊಮ್ಮೆ ಸೀನಲಿ ಎಂದು ಕಾಯುತ್ತಾ ಕುಳಿತಿದ್ದೇನೆ.