ಬೆಂಕಿಗೆ ಕೊಡದ ಕಡಿವಾಣ

ಐದನೇ ನಿರು ಗ್ರಾಮ, ಚಾಪ್ಚಾಲ್
ಎಂಟನೇ ತಿಂಗಳು, ಹದಿಮೂರು

ಪ್ರೀತಿಯ ನೊಮಿನ್,

ಗುಲ್ಜಾ ಪಟ್ಟಣದಲ್ಲಿ ಮಗಳ ಮನೆಯಲ್ಲಿ ನೀನೂ ಅಣ್ಣನೂ ಸುಖವಾಗಿದ್ದೀರಿ ಎಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಕೆಲಸವಿತ್ತು ಎಂದರೆ ಸುಳ್ಳಾಗುತ್ತದೆ, ಸುಳ್ಳು ಈಗಾಗಲೇ ಸಾಕಷ್ಟಾಗಿದೆ. ಎಲೆಕೋಸು, ಗಜ್ಜರಿ, ಮೆಣಸಿನಕಾಯಿ ಕೊಚ್ಚಿ ಉಪ್ಪಿಗೆ ಹಾಕಿದ್ದೇನೆ. ನಿನ್ನ ಪಾಲಿನ ಜಾಡಿ ಬೇರೆ ಇದೆ.

ವಸಂತದಲ್ಲಿ ನಿನ್ನ ಯಜಮಾನರು, ವೆಸಿನ್ ಅಣ್ಣ, ಮನೆಮನೆಗೆ ಬಂದು ತೀರಿಹೋದವರು ಬಳಸಿದ ಕಬ್ಬಿಣ ಕೇಳಿದರಲ್ಲ. ಅದನ್ನು ಉಕ್ಕಿನೊಡನೆ ಬೆಸೆದು, ಮಡಚಿ ಮಡಚಿ ಬಡಿದು, ಬಿಲ್ಲುಹಬ್ಬದಲ್ಲಿ ಬಿಡಲು ಒಬ್ಬೊಬ್ಬರ ಹೆಸರಿಗೆ ಒಂದೊಂದು ಬಾಣದ ಮೊನೆ ಮಾಡಿದರು. ಹುಳಿನೀರಿಗೆ ಅದ್ದಿದಾಗ ಪದರಗಳು ಹೊಳೆಯ ಅಲೆಯ ಹಾಗೆ ಎದ್ದು ಕಾಣುತ್ತಿದ್ದವು. ನನ್ನ ಮಗ ಅರ್ಸುನನ ಕುದುರೆಯ ಕಡಿವಾಣ ಕೊಡುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ.

ಕೊಟ್ಟದ್ದು ಕಡಿವಾಣವಲ್ಲ, ನೊಮಿನ್. ಬಕೆಟ್ಟಿನ ಹಿಡಿ. ಮುರಿದು, ಒಲೆಯ ಮಸಿ ಬಳಿದು ಕೊಟ್ಟೆ. ಹೊಳೆಯಿಂದ ಕುದುರೆ ಒಂದೇ ಮರಳಿ ಬಂದಾಗ ಬಾಯಲ್ಲಿದ್ದ ಕಡಿವಾಣ ಅದು. ಬೆಂಕಿಗೆ ಹಾಕಲು ಕರುಳು ಒಪ್ಪಲಿಲ್ಲ. ಕುಲುಮೆಯಲ್ಲಿ ಹಿಡಿಯ ಮೇಲಿನ ಸತುವಿನ ಲೇಪ ಉರಿದು ಬಿಳಿ ಹೊಗೆ ಎದ್ದು ಅಣ್ಣ ಕೆಮ್ಮುತ್ತಾ ನನ್ನ ಕಡೆ ನೋಡಿದರು. "ದೇವರ ಮುಂದೆ ಇಟ್ಟಿದ್ದೆ ಅಣ್ಣ, ಧೂಪದ ಬೂದಿ ಹತ್ತಿರ್ಬೇಕು" ಎಂದೆ. ಅಷ್ಟು ಪೂಜೆ ಮಾಡುವವಳ ಮಾತು. ನಂಬಿದರು.

ಹಬ್ಬದ ದಿನ ನಿನಗೂ ನೆನಪಿದೆ. ಬಿಲ್ಗಾರ ಅರ್ಸುನನ ಹೆಸರು ಕೂಗಿ ಬಾಣ ಬಿಟ್ಟ. ಸತುವು ಸೇರಿ ಬೆಸುಗೆ ಕೂಡದ ಮೊನೆ, ಹಲಗೆಗೆ ತಗುಲಿದ್ದೇ ಪದರ ಬಿಟ್ಟುಕೊಂಡು ಎರಡು ಸೀಳಾಯಿತು. "ವೆಸಿನ್ ಮಾವ, ಬಾಣ ಮಾಡಿದ್ರೋ, ಪದರದ ರೊಟ್ಟಿ ಮಾಡಿದ್ರೋ?" ಎಂದು ಅವನು ಕೇಳಿದಾಗ ಊರೆಲ್ಲ ನಕ್ಕಿತು. ಅಣ್ಣ ಸೀಳುಗಳನ್ನು ಹೆಕ್ಕಿಕೊಂಡು, "ಕೈ ನನ್ನದೇ, ತಪ್ಪೂ ನನ್ನದೇ" ಎಂದರು. ನಾನು ಎರಡು ಮಾರು ದೂರದಲ್ಲಿ ಜಪಮಣಿ ಎಣಿಸುತ್ತಾ ನಿಂತಿದ್ದೆ.

ಅವರು ಕುಲುಮೆಗೆ ಬೀಗ ಹಾಕಿದ್ದು ಆ ಸಂಜೆ.

ನಿನ್ನೆ ಪೂಜೆಗೆ ಸೇರಿದ ಹೆಂಗಸರೆದುರು ಎಲ್ಲ ಹೇಳಿಬಿಟ್ಟೆ. ಯಾರೂ ಬೈಯಲಿಲ್ಲ. ನಾನು ದೇವರಿಗಿಟ್ಟ ರೊಟ್ಟಿ ಮಾತ್ರ ಯಾರೂ ಮುಟ್ಟದೆ ತಟ್ಟೆಯಲ್ಲಿ ಹಾಗೇ ಉಳಿಯಿತು. ಅಣ್ಣನಿಗೆ ಇದನ್ನು ಓದಿ ಹೇಳು. ಕಡಿವಾಣವನ್ನು ನಿಮ್ಮ ಕುಲುಮೆಯ ಬೀಗಕ್ಕೆ ಕಟ್ಟಿದ್ದೇನೆ. ಅವರು ಬಂದು ಬಿಚ್ಚಲಿ.

ನಿಮ್ಮ ಮೊಮ್ಮಕ್ಕಳನ್ನು ಪೂರ್ವಜರು ಕಾಯಲಿ.

ನಿನ್ನ
ಗೆಹುನ್

ಮರೆತ ಮಾತು: ಕರುಳು ಒಪ್ಪಲಿಲ್ಲ ಎಂದು ಮೇಲೆ ಬರೆದೆ. ಅದು ಅರ್ಧ ನಿಜ. ಕಬ್ಬಿಣ ಕೊಡುವವರು ಅದನ್ನು ಕೈಯಲ್ಲಿ ಹಿಡಿದು, ಸತ್ತವರು ಹೇಗೆ ಹೋದರು ಎಂದು ಕುಲುಮೆಯ ಮುಂದೆ ಹೇಳಬೇಕಿತ್ತಲ್ಲ. ಅರ್ಸುನ ಗೆಳೆಯರನ್ನು ನೋಡಲು ಹೊಳೆ ದಾಟುವಾಗ ಮಂಜುಗಡ್ಡೆ ಒಡೆದು ಮುಳುಗಿದ ಎಂದೆ. ಅವನು ಹೊರಟಿದ್ದು ಧೂಪ ತರಲು, ಮನೆಯಲ್ಲಿ ಮುಗಿದಿತ್ತು. "ಮಂಜುಗಡ್ಡೆ ತೆಳ್ಳಗಾಗಿದೆ ಅಮ್ಮ, ನಾಳೆ ಸುತ್ತು ದಾರೀಲಿ ಹೋಗ್ತೀನಿ" ಅಂದ. "ದೇವರ ಕೆಲಸಕ್ಕೆ ನಾಳೆ ಅಂತಾರೇನೋ" ಎಂದು ಕಳಿಸಿದೆ. ಅವನ ಕಡಿವಾಣ ಹಿಡಿದು ಆ ಸುಳ್ಳು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಬಕೆಟ್ಟಿನ ಹಿಡಿ ಹಿಡಿದು ಹೇಳಿದೆ.