ಹೊಸ್ತಿಲ ಮುಂದಿನ ಲಿಂಬೆಹಣ್ಣು

ತಿಳವಳ್ಳಿ,
ರವಿವಾರ, ೧೯೪೧

ಮಾಸ್ತರರಿಗೆ ಪರಮೇಶ್ವರಪ್ಪನ ಶರಣು.

ಮನೆಯ ಸಾಮಾನು ಜೋಡಿಸಿ ಕೂಡುವ ಲೆಕ್ಕ ಮಾಡಿರಿ, ನೆಲದ ಮೇಲೆ ಇಂಗ್ಲಿಷ್ ಅಕ್ಷರ ತಿದ್ದಿರಿ ಎಂದು ಮಕ್ಕಳಿಗೆ ಹೇಳಿದ್ದಿರಂತೆ. ನನ್ನ ಮಗಳು ಶಿವಬಸವ್ವ ಹೊಸ್ತಿಲ ಮುಂದೆ ಲೆಕ್ಕಕ್ಕೆಂದು ಲಿಂಬೆಹಣ್ಣು ಜೋಡಿಸಿಟ್ಟು, ಕುಂಕುಮದಿಂದ ಎ, ಬಿ, ಸಿ ಬರೆದಿದ್ದಳು. ಅದನ್ನು ಕಂಡ ನಮ್ಮವ್ವ, "ಯಾರೋ ಮಾಟ ಮಾಡ್ಯಾರ!" ಎಂದು ಚೀರಿದಳು. ನಾನು ಹೊಲದಿಂದ ಬರುವಷ್ಟರಲ್ಲಿ, ಓಣಿಯವರು ಪಕ್ಕದ ಮನೆಯ ಒಂಟಿ ಮುದುಕಿ ಫಕ್ಕೀರವ್ವನ ಮೇಲೆ ಅನುಮಾನಪಟ್ಟು, ಹೊಡೆದು ಊರ ಹೊರಗೆ ಅಟ್ಟಿದ್ದರು.

ಅದು ಸಾಲಿಯ ಅಭ್ಯಾಸವೆಂದರೆ ಯಾರೂ ನಂಬುತ್ತಿಲ್ಲ. ಚಕ್ಕಡಿ ಕಳಿಸಿದ್ದೇನೆ. ಅದರಲ್ಲೇ ಬಂದು, ಆ ಅಕ್ಷರಗಳನ್ನು ಎಲ್ಲರೆದುರು ಓದಿರಿ. ಅಳಿಸದೆ ಕಾಯುತ್ತಿದ್ದೇನೆ.

ಶಿವಬಸವ್ವ ಮೂಲೆ ಬಿಟ್ಟು ಏಳುತ್ತಿಲ್ಲ. "ಅಪ್ಪಾ, ನನ್ನ ಲೆಕ್ಕ ತಪ್ಪೇತೇನು?" ಎಂದು ಕೇಳುತ್ತಾಳೆ.

ನಿಮ್ಮ ದಾರಿ ನೋಡುತ್ತಿರುವ,
ಪರಮೇಶ್ವರಪ್ಪ