ಭಾವಮೈದನನ್ನು ಅರ್ಧರ್ಧ ಮಾಡಿ ತರುವುದು ಹೇಗೆ?

ಎರಡು ಬಾಗಿಲುಗಳ ಮಾನ್ಯ ನಿರ್ದೇಶಕರೇ,

ಮೊದಲಿಗೆ ತಪ್ಪೊಪ್ಪಿಗೆ. ಕಳೆದ ಮಾರ್ಚ್ ತಿಂಗಳಲ್ಲಿ, ಹಾಡಹಗಲಿನಲ್ಲಿ, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ, ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ನಿಮ್ಮ ಚಿಕಿತ್ಸಾ ಕೇಂದ್ರದ ಒಂದು ಕುರ್ಚಿಯನ್ನು ನಾನು ಅಪಹರಿಸಿದೆ. ನೀಲಿ ಬಣ್ಣದ್ದು, ಕೈಗಳಿಲ್ಲದ್ದು. ಮನೆಗೇನೂ ಒಯ್ಯಲಿಲ್ಲ. ಎಡಬಾಗಿಲಿನ ಕೋಣೆಯಿಂದ ಎತ್ತಿ ತಂದು ಹೊರಗಿನ ಹಜಾರದಲ್ಲಿ, ಎಡಬಾಗಿಲಿಗೂ ಬಲಬಾಗಿಲಿಗೂ ಸರಿಯಾಗಿ ನಡುವೆ ಇಟ್ಟು, ಅದರ ಮೇಲೆ ನನ್ನ ಭಾವಮೈದ ಅನಿರುದ್ಧನನ್ನು ಕೂರಿಸಿದೆ. ನಿಮ್ಮ ಸೆಕ್ಯುರಿಟಿಯವರು ಬಂದು, "ಸರ್, ಇಲ್ಲಿ ಕುರ್ಚಿ ಹಾಕುವಂತಿಲ್ಲ" ಎಂದರು. "ಸ್ವಾಮಿ, ಇವನ ಕಾಯಿಲೆ ಇರುವುದೇ ಇಲ್ಲಿ, ನಾನೇನು ಮಾಡಲಿ?" ಎಂದೆ. ಕುರ್ಚಿ ಒಳಗೆ ಹೋಯಿತು. ಅನಿರುದ್ಧ ಹೊರಗೇ ನಿಂತ.

ನನ್ನ ದೂರು ಇಷ್ಟೇ. ನಿಮ್ಮ ಎಡಬಾಗಿಲು ಕುಡಿತ ಬಿಡಿಸುತ್ತದೆ, ಬಲಬಾಗಿಲು ಮನಸ್ಸಿಗೆ ಮದ್ದು ಕೊಡುತ್ತದೆ. ಎರಡೂ ಇರುವವನಿಗೆ ನಿಮ್ಮಲ್ಲಿ ಬಾಗಿಲಿಲ್ಲ, ಗೋಡೆ ಇದೆ. ಮದ್ಯಕ್ಕೂ ಮನಸ್ಸಿಗೂ ಮಧ್ಯೆ ಸಿಕ್ಕಿಕೊಂಡವನು ಆ ಗೋಡೆಗೆ ತಲೆ ಚಚ್ಚಿಕೊಳ್ಳಬಹುದು. ಚಚ್ಚಿಕೊಂಡು ಗಾಯವಾದರೆ ಅದಕ್ಕೆ ಮೂರನೆಯ ಬಾಗಿಲು ಬೇರೆ ಕಟ್ಟಡದಲ್ಲಿದೆ.

ಇದನ್ನೆಲ್ಲ ನಿಮಗೆ ಇಂಗ್ಲಿಷಿನಲ್ಲಿ ಬರೆದು ನೋಡಿದೆ. "ನಿಮ್ಮ ಕಳವಳ ನಮಗೆ ಅಮೂಲ್ಯ" ಎಂದು ಒಂದು ಯಂತ್ರ ಉತ್ತರಿಸಿತು. ಅಮೂಲ್ಯವಾದದ್ದನ್ನು ಹಾಗೇ ಇಟ್ಟುಕೊಳ್ಳುವುದು ಲೋಕರೂಢಿ, ನೀವೂ ಇಟ್ಟುಕೊಂಡಿರಿ. ಆದ್ದರಿಂದ ಈ ಸಲ ಕನ್ನಡದಲ್ಲಿ, ನಾನು ವರ್ಷವರ್ಷ ನಗೆಬರಹ ಬರೆಯುವ ನಮ್ಮ ಕನ್ನಡ ಕೂಟದ ಸಂಚಿಕೆಯಲ್ಲೇ ಬರೆಯುತ್ತಿದ್ದೇನೆ. ಸಂಚಿಕೆ ಡಲ್ಲಾಸ್, ಹೂಸ್ಟನ್, ಆಸ್ಟಿನ್ ಮೂರೂ ಕಡೆಯ ಮನೆಗಳಿಗೆ ಹೋಗುತ್ತದೆ. ನಿಮಗೆ ಕನ್ನಡ ಬಾರದೆಂಬ ಚಿಂತೆ ಬೇಡ. ನಿಮ್ಮ ಕಂಪ್ಯೂಟರ್ ವಿಭಾಗದ ಕಡೆ ಒಮ್ಮೆ ತಿರುಗಿ "ಊಟ ಆಯ್ತಾ?" ಎಂದು ಕೂಗಿ. ತಲೆ ಎತ್ತಿದವರ ಕೈಗೆ ಇದನ್ನು ಕೊಡಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಮ್ಮದು ಮುಚ್ಚಿಡುವ ಕುಟುಂಬವಲ್ಲ. ನಮ್ಮ ಜನ ಸಕ್ಕರೆ ಕಾಯಿಲೆ ಬಂದರೆ ಪಂಕ್ತಿಯಲ್ಲಿ ಕೂತು ಘೋಷಿಸುತ್ತಾರೆ, ಮೊಣಕಾಲಿನ ಆಪರೇಷನ್ ಆದರೆ ಎಕ್ಸ್‌ರೇಯನ್ನು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಆದರೆ ಮನಸ್ಸು ಕೆಟ್ಟರೆ "ಏನೋ ಸ್ವಲ್ಪ ಸ್ಟ್ರೆಸ್ಸು," ಕುಡಿತ ಕೈಮೀರಿದರೆ "ಸೋಷಿಯಲ್ ಆಗಿ ಅಷ್ಟೆ." ನಾನು ಆ ಪೈಕಿಯಲ್ಲ. ಈ ವಿಷಯದಲ್ಲಿ ನನ್ನಷ್ಟು ಬಿಚ್ಚುಮನಸ್ಸಿನ ಕನ್ನಡಿಗ ಟೆಕ್ಸಾಸಿನಲ್ಲಿ ಇನ್ನೊಬ್ಬನಿದ್ದರೆ ತೋರಿಸಿ, ಶಾಲು ಹೊದಿಸುತ್ತೇನೆ. ಹೆಸರು ಬದಲಿಸಲೇ ಎಂದು ಅನಿರುದ್ಧನನ್ನು ಕೇಳಿದಾಗ ಅವನೇ, "ಬೇಡ ಭಾವ, ನನ್ನ ಹೆಸರೇ ಹಾಕಿ. ಇಲ್ಲಾಂದ್ರೆ ನಮ್ಮೋರು ಗೆಸ್ ಮಾಡಿ ಮಾಡಿ ಇನ್ಯಾರೋ ಪಾಪದವನನ್ನ ಹಿಡ್ಕೋತಾರೆ" ಎಂದ.

ಅನಿರುದ್ಧ ನನ್ನ ಹೆಂಡತಿ ಇಂದುಮತಿಯ ಒಬ್ಬನೇ ತಮ್ಮ. ನಮ್ಮ ಮಾವನವರ ವಂಶದ ಕುಡಿ. ಆ ಕುಡಿ ಕುಡಿಯುತ್ತಿದೆ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ಅದು ಬಹಳ ದಿನದ ಮಾತಾಗಿತ್ತು. ಮೆಕಿನ್ನಿಯಲ್ಲಿ ಒಬ್ಬನೇ ಇದ್ದ, ಪ್ಲೇನೋದಲ್ಲಿ ಕೆಲಸ. ಕೆಲವು ವಾರ ನಿದ್ದೆಯೇ ಬೇಡ: ಭಾನುವಾರ ಬೆಳಿಗ್ಗೆ ಬಂದು ನಮ್ಮ ಗ್ಯಾರೇಜನ್ನೆಲ್ಲ ಹೊರಗೆ ಹರವಿ, ತಾನು ತೆರೆಯಲಿರುವ ಕಂಪನಿಗಳ ಬಗ್ಗೆ ಉಸಿರು ಬಿಡದೆ ಮಾತಾಡಿ, ಗ್ಯಾರೇಜನ್ನು ಹಾಗೇ ಬಿಟ್ಟು ಹೋಗುತ್ತಿದ್ದ. ಆಮೇಲೆ ಕೆಲವು ವಾರ ಫೋನೇ ಎತ್ತುತ್ತಿರಲಿಲ್ಲ. ಹೋಗಿ ನೋಡಿದರೆ ಕಿಟಕಿಯ ಪರದೆ ಎಳೆದುಕೊಂಡು ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಏರಿದ್ದನ್ನು ಇಳಿಸಲು ಕುಡಿಯುತ್ತಿದ್ದ, ಇಳಿದದ್ದನ್ನು ಮರೆಯಲು ಕುಡಿಯುತ್ತಿದ್ದ. ಒಂದು ದಿನ ಅಕ್ಕನ ಮುಂದೆ, ಸಾರಿಗೆ ಉಪ್ಪು ಕಮ್ಮಿ ಎನ್ನುವಷ್ಟೇ ತಣ್ಣಗೆ, "ಅಕ್ಕಾ, ನಂಗೆ ಇರೋಕೇ ಇಷ್ಟ ಇಲ್ಲ" ಎಂದ. ಅವಳು ಸೌಟನ್ನು ಅಲ್ಲೇ ಬಿಟ್ಟು ಕಾರಿನ ಕೀಲಿ ತೆಗೆದುಕೊಂಡಳು. ಹಾಗೆ ನಾವು ನಿಮ್ಮಲ್ಲಿಗೆ ಬಂದೆವು.

ಬಲಬಾಗಿಲಿನ ವೈದ್ಯರು ಸಜ್ಜನರು. "ಮೊದಲು ಆರು ತಿಂಗಳು ಕುಡಿಯದೆ ಇದ್ದು ಬನ್ನಿ. ಆಗ ಯಾವುದು ಕುಡಿತ, ಯಾವುದು ಕಾಯಿಲೆ ಎಂದು ನಮಗೆ ತಿಳಿಯುತ್ತದೆ" ಎಂದರು. ಎಡಬಾಗಿಲಿನವರೂ ಸಜ್ಜನರೇ. "ಸಾಯುವ ಮಾತಾಡುವವರನ್ನು ನಮ್ಮ ಗುಂಪಿಗೆ ಸೇರಿಸುವಂತಿಲ್ಲ. ಮನಸ್ಸು ಸ್ಥಿರವಾಗಿದೆ ಎಂದು ಮನೋವೈದ್ಯರಿಂದ ಬರೆಸಿಕೊಂಡು ಬನ್ನಿ" ಎಂದರು. ಮಾನ್ಯರೇ, ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ನಮ್ಮಲ್ಲೊಂದು ಗಾದೆಯಿದೆ. ಅದನ್ನು ನಾವು ನಗಲು ಬಳಸುತ್ತೇವೆ. ನೀವು ಅದನ್ನೇ ಕೇಂದ್ರದ ನಿಯಮಾವಳಿ ಮಾಡಿಕೊಂಡಿದ್ದೀರಿ. ಒಂದು ಕಾಯಿಲೆಯನ್ನು ಮೊದಲು ವಾಸಿ ಮಾಡಿಕೊಂಡು ಬಂದರೆ ಮಾತ್ರ ಇನ್ನೊಂದಕ್ಕೆ ಚಿಕಿತ್ಸೆ ಎನ್ನುವುದಾದರೆ, ವಾಸಿ ಮಾಡಿಕೊಳ್ಳುವ ಆ ವಿದ್ಯೆ ಗೊತ್ತಿರುವವನು ನಿಮ್ಮ ಬಳಿಗೆ ಯಾಕೆ ಬರುತ್ತಾನೆ? ಕನ್ನಡದಲ್ಲಿ ವ್ಯಸನ ಎಂದರೆ ಚಟವೂ ಹೌದು, ದುಃಖವೂ ಹೌದು. ನಮ್ಮ ಹಿರಿಯರು ಒಂದೇ ಪದದೊಳಗೆ ಇಟ್ಟದ್ದನ್ನು ನೀವು ಎರಡು ಕೋಣೆಗೆ ಹಂಚಿದಿರಿ. ನನ್ನ ಭಾವಮೈದನನ್ನು ಹಾಗೆ ಹಂಚಿ ತರಲು ನನಗೆ ಬರುವುದಿಲ್ಲ.

ಆದರೂ ಪ್ರಯತ್ನಿಸಿದೆ. ಅದೇ ಈ ಪತ್ರದ ಅತಿ ಕೆಟ್ಟ ಭಾಗ.

ನಮ್ಮ ಜನಕ್ಕೆ ಒಂದು ವಿದ್ಯೆ ಚೆನ್ನಾಗಿ ಸಿದ್ಧಿಸಿದೆ. ವೀಸಾ ಸ್ಟ್ಯಾಂಪಿಂಗಿಗೆ ಚೆನ್ನೈಗೆ ಹೋಗುವ ಮುನ್ನ ಪ್ರತಿಯೊಬ್ಬನಿಗೂ ಹಿರಿಯನೊಬ್ಬ ಪಾಠ ಹೇಳಿಕೊಟ್ಟಿರುತ್ತಾನೆ: ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಕೇಳದ್ದನ್ನು ಹೇಳಬೇಡ. ಒಂದೇ ವಾಕ್ಯ ಸಾಕು, ಮುಖದಲ್ಲಿ ನಗು ಇರಲಿ. ಈ ಪಾಠವನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಎಲ್ಲರೂ ಪಾಸಾಗಿದ್ದಾರೆ. ಅನಿರುದ್ಧನನ್ನೂ ನಮ್ಮ ಊಟದ ಮೇಜಿನ ಎದುರು ಕೂರಿಸಿಕೊಂಡೆ. ಎಡಬಾಗಿಲಿನಲ್ಲಿ ಅಳುವಿನ ಮಾತು ಎತ್ತಬೇಡ, ಬಲಬಾಗಿಲಿನಲ್ಲಿ ವಿಸ್ಕಿಯ ಮಾತು ಎತ್ತಬೇಡ.

"ಬೇರೆ ಔಷಧಿ ಏನಾದ್ರೂ ತಗೋತಿದೀರಾ ಅಂತ ಕೇಳಿದ್ರೆ?" ಎಂದ ಅನಿರುದ್ಧ.

"ವಿಟಮಿನ್ ಡಿ ಅನ್ನು. ಇಲ್ಲಿ ಎಲ್ರೂ ಅದನ್ನೇ ತಗೊಳ್ಳೋದು."

ಇಂದುಮತಿ ಅಡುಗೆಮನೆಯಿಂದಲೇ ಹೇಳಿದಳು: "ರೀ, ಅವರು ಡಾಕ್ಟ್ರು, ವೀಸಾ ಆಫೀಸರ್ ಅಲ್ಲ."

"ಒಳಗೆ ಬಿಡೋರೆಲ್ಲ ಆಫೀಸರೇ ಕಣೇ. ನೀನು ಸುಮ್ನಿರು."

ಏಪ್ರಿಲ್‌ನಲ್ಲಿ ಹೊಸದಾಗಿ ಹೆಸರು ಬರೆಸಿ, ಬೇರೆ ವೈದ್ಯರ ಎದುರು ಕೂತು, ಅನಿರುದ್ಧ ಎರಡೂ ಕಡೆ ಪಾಸಾದ. ಆ ದಿನ ನಾನು ಜಾಮೂನು ಮಾಡಿಸಿದೆ. ಎಡಬಾಗಿಲಿನವರು ಕುಡಿತ ಬಿಟ್ಟಾಗಿನ ನಡುಕಕ್ಕೆ ಒಂದು ಮಾತ್ರೆ ಕೊಟ್ಟರು. ಬಲಬಾಗಿಲಿನವರು ನಿದ್ದೆಗೆ ಇನ್ನೊಂದು ಕೊಟ್ಟರು. ಎರಡೂ ಮನುಷ್ಯನನ್ನು ಮಂಕುಗೊಳಿಸುವ ಮಾತ್ರೆಗಳು. ಒಂದೇ ಕಟ್ಟಡದಲ್ಲಿ, ಒಂದೇ ಕಾಫಿ ಮಿಷನ್ನಿನಿಂದ ಕಾಫಿ ಕುಡಿಯುವ ಇಬ್ಬರು ವೈದ್ಯರಿಗೆ ತಾವಿಬ್ಬರೂ ಒಬ್ಬನೇ ಮನುಷ್ಯನನ್ನು ಮಲಗಿಸುತ್ತಿದ್ದೇವೆಂದು ತಿಳಿದಿರಲಿಲ್ಲ.

ಮೇ ತಿಂಗಳಲ್ಲಿ ಆಫೀಸಿನವರು ಅವನನ್ನು ಹೂಸ್ಟನ್ನಿಗೆ ಕಳಿಸಿದರು. ಅಲ್ಲಿ ಹೋಟೆಲಿನಲ್ಲಿ ಎರಡೂ ಮಾತ್ರೆ ನುಂಗಿ, ಅವುಗಳ ಮೇಲೆ ಕುಡಿದ. ಸಾಯಲೆಂದು ಕುಡಿದನೋ, ಅಭ್ಯಾಸಬಲದಿಂದ ಕುಡಿದನೋ, ತನಗೇ ಗೊತ್ತಿಲ್ಲ ಎನ್ನುತ್ತಾನೆ. ಕೋಣೆ ಗುಡಿಸಲು ಬಂದ ಹೆಂಗಸು ಸಕಾಲಕ್ಕೆ ಬಾಗಿಲು ತೆರೆದದ್ದರಿಂದ ಇಂದುಮತಿಗೆ ಇವತ್ತೂ ಒಬ್ಬ ತಮ್ಮನಿದ್ದಾನೆ. ನಾವು ಹೂಸ್ಟನ್ನಿನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವನ ಬಾಯಿಗೆ ಕೊಳವೆ ಹಾಕಿದ್ದರು. ಅಲ್ಲಿನ ವೈದ್ಯೆ ಎರಡು ಸೀಸೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಚೀಟಿ ಓದಿದರು. "ಇಬ್ಬರು ವೈದ್ಯರ ವಿಳಾಸವೂ ಒಂದೇ ಇದೆಯಲ್ಲ! ಇವರು ಒಬ್ಬರೊಡನೊಬ್ಬರು ಮಾತಾಡುವುದಿಲ್ಲವೇ?" ಎಂದು ಕೇಳಿದರು.

ಹೌದು, ಅವನ ನಾಲಿಗೆಗೆ ಗಂಟು ಹಾಕಿದವನು ನಾನು. ಆದರೆ ಗಂಟು ಹಾಕಿಕೊಂಡು ಬಂದವನನ್ನು ಮಾತ್ರ ಒಳಗೆ ಬಿಡುವ ಬಾಗಿಲು ಯಾರದು? ನಿಜ ಹೇಳಿದ ದಿನ ಹಜಾರದಲ್ಲಿ ನಿಲ್ಲಿಸಿದಿರಿ. ಸುಳ್ಳು ಹೇಳಿದ ದಿನ ಎರಡೂ ಕಡೆಯಿಂದ ಸ್ವಾಗತಿಸಿದಿರಿ. ಇದರಿಂದ ರೋಗಿ ಯಾವ ಪಾಠ ಕಲಿಯಬೇಕೆಂದು ನಿಮ್ಮ ಅಪೇಕ್ಷೆ?

ಎರಡನ್ನೂ ಒಟ್ಟಿಗೆ ನೋಡುವುದು ಆಗದ ಕೆಲಸ ಎಂದು ಮಾತ್ರ ಹೇಳಬೇಡಿ. ಆಗುತ್ತದೆ. ಹೂಸ್ಟನ್ನಿನವರು ಆಸ್ಟಿನ್ನಿನಲ್ಲಿ ಒಂದು ಸಣ್ಣ ಚಿಕಿತ್ಸಾಲಯ ತೋರಿಸಿಕೊಟ್ಟರು. ಹಳೆಯ ಮನೆ, ಮುಂದೊಂದು ಜಗಲಿ, ಬಾಗಿಲು ಒಂದೇ. ಅಲ್ಲಿನ ವೈದ್ಯರು ಅನಿರುದ್ಧನನ್ನು ಎಷ್ಟು ಕುಡಿಯುತ್ತೀರಿ ಎಂದು ಕೇಳಲಿಲ್ಲ. "ಮೊಟ್ಟಮೊದಲು ಕುಡಿದಾಗ ಏನನ್ನು ನಿಲ್ಲಿಸಬೇಕೆಂದು ಕುಡಿದಿರಿ?" ಎಂದು ಕೇಳಿದರು. ನನ್ನ ತರಬೇತಿಯೆಲ್ಲ ಅಲ್ಲಿ ನೀರುಪಾಲಾಯಿತು. ಹುಡುಗ ಗಂಟೆಗಟ್ಟಲೆ ಮಾತಾಡಿದ. ಕಾಲೇಜಿನ ದಿನಗಳಿಂದಲೇ ಈ ಏರು, ಈ ಇಳಿತ ಇತ್ತಂತೆ. ನಮಗಾರಿಗೂ ಗೊತ್ತಿರಲಿಲ್ಲ. ಈಗ ಅಲ್ಲಿಯೇ ಒಂದು ಕೋಣೆ ಹಿಡಿದಿದ್ದಾನೆ, ಅರ್ಧ ಕೆಲಸವನ್ನು ಅಲ್ಲಿಂದಲೇ ಮಾಡುತ್ತಾನೆ. ಮಾತ್ರೆಯನ್ನೂ ಕುಡಿತವನ್ನೂ ಒಬ್ಬರೇ ನೋಡುತ್ತಾರೆ. ಪವಾಡವೇನೂ ಆಗಿಲ್ಲ. ಜುಲೈಯಲ್ಲಿ ಮತ್ತೆ ಕುಡಿದ. ಕುಡಿದು ಸಿಕ್ಕಿಬಿದ್ದರೆ ನಿಮ್ಮಲ್ಲಿ ಪಟ್ಟಿಯಿಂದ ಹೆಸರನ್ನೇ ಹೊಡೆದುಹಾಕುತ್ತಾರಲ್ಲ, ಅದೇ ಭಯದಿಂದ ನಾನು ಆಸ್ಟಿನ್ನಿಗೆ ಫೋನ್ ಮಾಡಿ, ತೊದಲುತ್ತಾ, ಇನ್ನು ಮುಂದೆ ಬರಬೇಡ ಎನ್ನುತ್ತೀರಾ ಎಂದು ವಿಚಾರಿಸಿದೆ. "ಕುಡಿದರೇ? ಹಾಗಾದರೆ ನಾಳೆ ಸ್ವಲ್ಪ ಬೇಗ ಬರಲು ಹೇಳಿ" ಎಂದರು. ಫೋನಿಟ್ಟ ಮೇಲೆ ನಾನು ಕಾರಿನಲ್ಲೇ ಕೂತು ಅತ್ತೆ. ನಗೆಬರಹಗಾರ ಅತ್ತದ್ದನ್ನು ಯಾರೂ ನಂಬುವುದಿಲ್ಲ, ಆದ್ದರಿಂದ ಧೈರ್ಯವಾಗಿ ಬರೆದಿದ್ದೇನೆ.

ಈಗ ಈ ಪತ್ರದ ತುರ್ತಿಗೆ ಬರುತ್ತೇನೆ. ಆಸ್ಟಿನ್ನಿನ ಜಗಲಿ ತಾವು ಹಣ ಕೊಡುವ ಚಿಕಿತ್ಸಾಲಯಗಳ ಪಟ್ಟಿಯಲ್ಲಿಲ್ಲ ಎಂದು ಇನ್ಶೂರೆನ್ಸಿನವರು ತಿಳಿಸಿದ್ದಾರೆ. ಪಟ್ಟಿಯಲ್ಲಿರುವುದು ನಿಮ್ಮ ಕೇಂದ್ರವಂತೆ. ಬರುವ ತಿಂಗಳಿನಿಂದ ಅನಿರುದ್ಧ ನಿಮ್ಮಲ್ಲಿಗೇ ಬರಬೇಕು. ಸುದ್ದಿ ಕೇಳಿದ ಮೇಲೆ ಅವನು ನನ್ನನ್ನು ಕೇಳಿದ್ದು ಒಂದೇ: "ಭಾವ, ಅಲ್ಲಿ ಯಾವ ಬಾಗಿಲಿಗೆ ಹೋಗ್ಲಿ?" ಆ ಪ್ರಶ್ನೆ ಕಿವಿಗೆ ಬಿದ್ದಂದಿನಿಂದ ಇಂದುಮತಿ ಫೋನನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಾಳೆ.

ಮಾನ್ಯರೇ, ನಾನು ಹೊಸ ಕಟ್ಟಡ ಕೇಳುತ್ತಿಲ್ಲ. ಗೋಡೆ ಕೆಡವಲು ಸುತ್ತಿಗೆಯೂ ಬೇಡ. ಅವನು ಬರುವ ದಿನ ನಿಮ್ಮ ಇಬ್ಬರು ವೈದ್ಯರೂ ಒಂದೇ ಕೋಣೆಯಲ್ಲಿ, ಅವನ ಎದುರಿಗೇ ಕೂತಿರಬೇಕು. ಅವನಿಗೆ ಕೊಡುವ ಮಾತ್ರೆ ಇಬ್ಬರಿಗೂ ತಿಳಿದಿರಬೇಕು, ಕೊನೆಗೆ ಉತ್ತರ ಹೇಳುವವರು ಒಬ್ಬರಿರಬೇಕು. ಕುಡಿದನೆಂದು ಬಲಬಾಗಿಲು, ಅತ್ತನೆಂದು ಎಡಬಾಗಿಲು ಮುಚ್ಚಬಾರದು. ಇಷ್ಟನ್ನು ಬರುವ ತಿಂಗಳೊಳಗೆ ಮಾಡಿ. ಆಗದಿದ್ದರೆ, ನಮ್ಮಲ್ಲಿ ಆಗದು ಎಂದು ಒಂದು ಸಾಲು ಬರೆದು ಸಹಿ ಹಾಕಿ ಇನ್ಶೂರೆನ್ಸಿನವರಿಗೆ ಕಳಿಸಿ. ಅವನನ್ನು ಆಸ್ಟಿನ್ನಿನಲ್ಲೇ ಉಳಿಸಿಕೊಳ್ಳಲು ನಮಗೆ ಅದು ಸಾಕು.

ಪತ್ರವನ್ನು ಇಲ್ಲಿಗೇ ಮುಗಿಸಿ ಇಂದುಮತಿಗೆ ಓದಲು ಕೊಟ್ಟಿದ್ದೆ. ಅವಳು ಪೂರ್ತಿ ಓದಿ, "ಬಿಚ್ಚುಮನಸ್ಸು ಅಂತ ಬರೆದಿದ್ದೀರಲ್ಲ, ಶನಿವಾರ ಏನು ಮಾಡಿದ್ರಿ ಅನ್ನೋದನ್ನೂ ಬರೀರಿ. ಇಲ್ಲಾಂದ್ರೆ ಇದನ್ನ ಕಳಿಸಬೇಡಿ" ಎಂದಳು. ಬರೆಯುತ್ತೇನೆ. ಶನಿವಾರ ಮೆಕಿನ್ನಿಯಲ್ಲಿ, ಧಾರವಾಡದ ಗೆಳೆಯ ವೆಂಕಟೇಶ್ ಅವರ ಹೊಸ ಮನೆಯ ಗೃಹಪ್ರವೇಶ. ಅನಿರುದ್ಧನೂ ಬಂದಿದ್ದ. ಮನೆಯ ಹೊರಗಿನ ಒಬ್ಬರಿಗಾದರೂ ನಿಜ ಹೇಳಿ ಬನ್ನಿ ಎಂದು ಆಸ್ಟಿನ್ನಿನ ವೈದ್ಯರು ಅವನಿಗೆ ಹೇಳಿ ಕಳಿಸಿದ್ದರು. ದಾರಿಯುದ್ದಕ್ಕೂ ಕಾರಿನ ಹಿಂದಿನ ಸೀಟಿನಲ್ಲಿ ಆ ಮಾತನ್ನು ತುಟಿಯೊಳಗೇ ಹೇಳಿಕೊಳ್ಳುತ್ತಿದ್ದ. ಊಟದ ಹೊತ್ತಿಗೆ ವೆಂಕಟೇಶ್ ಅವನ ಹೆಗಲ ಮೇಲೆ ಕೈಯಿಟ್ಟು, "ಏನ್ರೀ ಅನಿರುದ್ಧ, ಆಸ್ಟಿನ್ನಿಗೆ ಹೋಗೀರಂತ. ಅಲ್ಲೇನ್ ಮಾಡ್ಲಿಕತ್ತೀರಿ?" ಎಂದರು. ಅನಿರುದ್ಧ ತಟ್ಟೆ ಕೆಳಗಿಟ್ಟ. ಗಂಟಲು ಸರಿಮಾಡಿಕೊಂಡು, "ಅದು... ನಾನು ಅಲ್ಲಿ..." ಎಂದ. ಸುತ್ತ ನಾಲ್ಕು ಜನ ತಿರುಗಿ ನೋಡಿದರು. ಅಷ್ಟರಲ್ಲಿ ಒಂದು ದನಿ ನಡುವೆ ಹಾಯ್ದು, "ಕ್ಲೈಂಟ್ ಸೈಟು! ಭಾರಿ ಪ್ರಾಜೆಕ್ಟು, ಇವನಿಲ್ದೆ ಅಲ್ಲಿ ಏನೂ ನಡೆಯಲ್ಲ" ಎಂದಿತು. ದನಿ ನನ್ನದು. ವೆಂಕಟೇಶ್ ಖುಷಿಯಾಗಿ ಅವನ ಕೈ ಕುಲುಕಿದರು. ಅನಿರುದ್ಧ ನನ್ನ ಮುಖ ನೋಡಿದ. ಆಮೇಲೆ, "ಹೌದು ವೆಂಕಟೇಶ್ ಅವರೇ, ಪ್ರಾಜೆಕ್ಟು" ಎಂದ.

ಇಂತಿ,
ಇಲ್ಲದ ಪ್ರಾಜೆಕ್ಟಿನ ಸ್ವಯಂಘೋಷಿತ ಮ್ಯಾನೇಜರ್,
ನಂದಕುಮಾರ್, ಫ್ರಿಸ್ಕೋ